ಉಗಿ ಇಂಜಿನಿನ ಮನೆಯೂ ನಮ್ಮ ನೆನಪೂ

ಹೋದ ವರ್ಷ ನಮ್ಮ ವರ್ಗದವರೆಲ್ಲ ಕೂಡಿ ಮೈಸೂರಿಗೆ ಪ್ರವಾಸ ಹೋಗಿದ್ದೆವು. ಅರಮನೆಯನ್ನೂ ಚಾಮುಂಡಿ ಬೆಟ್ಟವನ್ನೂ ಯಥಾವಿಧಿ ನೋಡಿ ಮುಗಿಸಿದ ಮೇಲೆ, ಊರಿಗೆ ಮರಳುವ ದಿನ ಕೈಯಲ್ಲಿ ಎರಡು ತಾಸು ಉಳಿದವು. ಎಲ್ಲಿಗೆ ಹೋಗಬೇಕೆಂಬ ಚರ್ಚೆಯಲ್ಲಿಯೇ ಅರ್ಧ ತಾಸು ಕಳೆದು, ಕೊನೆಗೆ ನಿಲ್ದಾಣದ ಸಮೀಪದಲ್ಲಿಯೇ ಇರುವ ರೈಲ್ವೆ ವಸ್ತು ಸಂಗ್ರಹಾಲಯವನ್ನು ಹೊಕ್ಕೆವು. ಅಲ್ಲಿ ನಿಲ್ಲಿಸಿದ್ದ ಉಗಿ ಇಂಜಿನೊಂದರ ಹಿಡಿಕೆ ಹಿಡಿದು, ಡ್ರೈವರನ ಗತ್ತಿನಲ್ಲಿ ಹೊರಕ್ಕೆ ಬಾಗಿ, ಎಲ್ಲರಂತೆ ನಾನೂ ಒಂದು ಫೋಟೋ ತೆಗೆಸಿಕೊಂಡೆನು.

ಮನೆಗೆ ಬಂದು ಅದನ್ನು ಅಜ್ಜನಿಗೆ ತೋರಿಸಿದೆನು. ನಮ್ಮ ಅಜ್ಜ 1970ರಲ್ಲಿ ಹುಬ್ಬಳ್ಳಿಯ ಲೋಕೊ ಶೆಡ್ಡಿನಲ್ಲಿ ಕ್ಲೀನರನಾಗಿ ಸೇರಿ, ಮುಂದೆ ಫೈರ್‌ಮನ್ನನಾಗಿ, ಡ್ರೈವರನಾಗಿ ದುಡಿದು ನಿವೃತ್ತನಾದವನು. ಮೊಮ್ಮಗ ಇಂಜಿನು ಹತ್ತಿದ್ದಕ್ಕೆ ಮೆಚ್ಚಿಯಾನೆಂದು ನಾನು ಎಣಿಸಿದ್ದೆನು. ಅವನು ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದನು. ಬಳಿಕ ಕೇಳಿದನು:

"ಫೈರ್‌ಬಾಕ್ಸಿನ ಬಾಗಲಾ ಮುಚ್ಚಿತ್ತೋ, ತಗದಿಟ್ಟಿದ್ರೋ?"

"ಅದನ್ನ ನೋಡಲಿಲ್ಲ ಅಜ್ಜಾ."

"ಹಂಗಾದ್ರ ನೀ ಇಂಜಿನ್ ನೋಡೇ ಇಲ್ಲ ಬಿಡು."

ಆಮೇಲೆ ಕಾರಣವನ್ನು ಅವನೇ ಹೇಳಿದನು. ನಿಂತ ಇಂಜಿನಿನ ಫೈರ್‌ಬಾಕ್ಸಿನ ಬಾಗಿಲನ್ನು ತೆರೆದು ಬಿಡಬಾರದಂತೆ. ಬಿಟ್ಟರೆ ತಣ್ಣನೆಯ ಗಾಳಿ ಒಳಗೆ ನುಗ್ಗಿ, ಕಾದ ಕೊಳವೆಗಳು ಒಮ್ಮೆಲೆ ಕುಗ್ಗಿ, ಅವುಗಳ ಸಂದುಗಳಲ್ಲಿ ನೀರು ಸೋರತೊಡಗುತ್ತದೆ. ಬೆಂಕಿ ಆರಿ ಎಷ್ಟೋ ವರ್ಷಗಳಾದ, ಮಕ್ಕಳು ಹತ್ತಿ ಇಳಿಯುವ ಒಂದು ಪ್ರದರ್ಶನದ ಇಂಜಿನಿನ ಬಾಗಿಲಿಗಾಗಿ ಆ ಮುದುಕ ಅಷ್ಟು ಕಳವಳಪಟ್ಟುದನ್ನು ಕಂಡು ನನಗೆ ಮೊದಲು ನಗು ಬಂದಿತು. ರಾತ್ರಿ ಹಾಸಿಗೆಯಲ್ಲಿ ಅದನ್ನೇ ನೆನೆದಾಗ ನಗು ಬರಲಿಲ್ಲ.

ಈ ಲೇಖನ ಹುಟ್ಟಿದ್ದು ಆ ಒಂದು ಪ್ರಶ್ನೆಯಿಂದ. ನನ್ನ ಅಭಿಪ್ರಾಯವನ್ನು ಮೊದಲೇ ಅರಿಕೆ ಮಾಡಿಕೊಂಡುಬಿಡುತ್ತೇನೆ. ಇಂಜಿನನ್ನು ಕಟ್ಟೆಯ ಮೇಲೆ ನಿಲ್ಲಿಸಿ ಬಣ್ಣ ಬಳಿದ ಮಾತ್ರಕ್ಕೆ, ಅದನ್ನು ಸಾಕಿದ ಶೆಡ್ಡನ್ನು ಸ್ಮರಿಸಿದಂತಾಗುವುದಿಲ್ಲ. ಕಬ್ಬಿಣ ಇನ್ನೂ ನೂರು ವರ್ಷ ನಿಂತೀತು. ಬಾಗಿಲನ್ನು ಏಕೆ ಮುಚ್ಚಬೇಕೆಂದು ಬಲ್ಲವರು ಇನ್ನು ಹತ್ತು ವರ್ಷ ಇದ್ದರೆ ಹೆಚ್ಚು. ಆದುದರಿಂದ ಮೊದಲು ಉಳಿಸಿಕೊಳ್ಳಬೇಕಾದುದು ಯಾವುದೆಂಬುದನ್ನು ನಾವು, ಅದರಲ್ಲಿಯೂ ಈ ಊರಿನ ವಿದ್ಯಾರ್ಥಿಗಳು, ಆಲೋಚಿಸಬೇಕು.

ಹುಬ್ಬಳ್ಳಿ ವ್ಯಾಪಾರದ ಊರೆಂಬುದು ಎಲ್ಲರಿಗೂ ಗೊತ್ತು. ಅದು ರೈಲಿನ ಊರಾದ ಬಗೆ ಅಷ್ಟಾಗಿ ಗೊತ್ತಿಲ್ಲ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಮಹಾಕ್ಷಾಮದಲ್ಲಿ, ಒಂದು ಕಡೆಯ ಧಾನ್ಯವನ್ನು ಇನ್ನೊಂದು ಕಡೆಗೆ ಸಾಗಿಸುವ ದಾರಿಯಿಲ್ಲದೆ ಲಕ್ಷಾಂತರ ಜನರು ಸತ್ತರು. ಆ ಪಾಠದಿಂದ ಹುಟ್ಟಿದುದು 1882ರ ಸದರ್ನ್ ಮರಾಠಾ ರೈಲ್ವೆ ಕಂಪನಿ. ಅದು ಹಾಕಿದ ಮೀಟರ್ ಗೇಜ್ ಹಳಿಗಳು ಇಲ್ಲಿ ಕೂಡಿದವು. ಆ ದಶಕದಲ್ಲಿಯೇ ಇಲ್ಲಿ ಕಾರ್ಖಾನೆಯೂ ಎದ್ದಿತು. 1888ರಲ್ಲಿ ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿದು ಮಾರ್ಮಗೋವಾ ಬಂದರಿಗೆ ಹೋಗುವ ದಾರಿ ತೆರೆಯಿತು. ಹತ್ತಿ ಅತ್ತ ಹೋಯಿತು, ಮುಂದಿನ ಕಾಲದಲ್ಲಿ ಬಳ್ಳಾರಿ-ಹೊಸಪೇಟೆಗಳ ಅದಿರೂ ಅತ್ತ ಹೋಯಿತು. ಕಂಪನಿಯ ಹೆಸರು ಅನೇಕ ಸಲ ಬದಲಾಯಿತು. 1908ರಲ್ಲಿ ಮದ್ರಾಸ್ ಮತ್ತು ಸದರ್ನ್ ಮರಾಠಾ, 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ, 2003ರಲ್ಲಿ ಹುಬ್ಬಳ್ಳಿಯನ್ನೇ ಕೇಂದ್ರವಾಗಿ ಉಳ್ಳ ನೈಋತ್ಯ ರೈಲ್ವೆ. ನಾಮಫಲಕ ಯಾವುದೇ ಇರಲಿ, ಶೆಡ್ಡಿನೊಳಗೆ ಕೆಲಸ ಮಾಡುವವನ ಕೈಯಲ್ಲಿದ್ದುದು ಅದೇ ಸಲಿಕೆ, ಅದೇ ಎಣ್ಣೆಯ ಡಬ್ಬಿ.

ಲೋಕೊ ಶೆಡ್ಡೆಂದರೆ ಇಂಜಿನುಗಳನ್ನು ನೆರಳಿಗೆ ನಿಲ್ಲಿಸುವ ಜಾಗವೆಂದು ನಾನು ತಿಳಿದಿದ್ದೆನು. ಅಜ್ಜನ ಮಾತು ಕೇಳಿದ ಮೇಲೆ ಅದು ದನದ ಕೊಟ್ಟಿಗೆಯ ಹಾಗೆ ಎಂದು ತೋರಿತು. ಉಗಿ ಇಂಜಿನಿಗೆ ತಿನ್ನಿಸಬೇಕು, ಕುಡಿಸಬೇಕು, ಮೈ ತೊಳೆಯಬೇಕು, ಕೆಳಗಿನ ಕಸ ಬಳಿಯಬೇಕು. ಓಡಿ ಬಂದ ಇಂಜಿನು ಮೊದಲು ಬೂದಿಯ ಗುಂಡಿಯ ಮೇಲೆ ನಿಲ್ಲುವುದು. ಅಲ್ಲಿ ಅದರ ಹೊಟ್ಟೆಯ ಬೆಂಕಿಯನ್ನೂ ಬೂದಿಯನ್ನೂ ಕೆಳಗೆ ಕೆಡವಬೇಕು. ಕಡುಬೇಸಗೆಯ ಮಧ್ಯಾಹ್ನ ಆ ಗುಂಡಿಯಲ್ಲಿ ಇಳಿದು ಕೆಂಡ ಎಳೆಯುವವನ ಪಾಡನ್ನು ಅಜ್ಜ ಹೇಳುವಾಗ, ಕೇಳುವವರಿಗೇ ಬೆವರು ಬರುತ್ತದೆ. ಆಮೇಲೆ ಕಲ್ಲಿದ್ದಲು, ನೀರು, ಎಣ್ಣೆ. ಇಷ್ಟಿಷ್ಟು ದಿನಗಳಿಗೊಮ್ಮೆ ಬಾಯ್ಲರನ್ನು ಪೂರ್ತಿ ಆರಿಸಿ, ಒಳಗೆ ಕಟ್ಟಿದ ಗಸಿಯನ್ನೆಲ್ಲ ನೀರಿನ ಒತ್ತಡದಿಂದ ತೊಳೆಯುವುದಕ್ಕೆ ವಾಷ್‌ಔಟ್ ಎಂದು ಹೆಸರು. ತಣ್ಣಗಾದ ಇಂಜಿನಿಗೆ ಮತ್ತೆ ಬೆಂಕಿ ಕೊಡುವುದು ಲೈಟಪ್. ಇಂದು ಕೀಲಿ ತಿರುವಿದೊಡನೆ ಬಂಡಿ ಹೊರಡುವುದನ್ನು ಕಂಡ ನಮಗೆ, ಬೆಳಗಿನ ಗಾಡಿಗಾಗಿ ಹಿಂದಿನ ರಾತ್ರಿಯೇ ಬೆಂಕಿ ಹೊತ್ತಿಸಿ ತಾಸುಗಟ್ಟಲೆ ಕಾಯುತ್ತಿದ್ದರೆಂಬುದು ಕಲ್ಪನೆಗೂ ಬರುವುದು ಕಷ್ಟ.

ಅಲ್ಲಿಯ ಏಣಿಯೂ ದೊಡ್ಡದು. ಮೊದಲು ಕ್ಲೀನರ್, ಅವನ ಕೆಲಸ ಮಸಿ, ಎಣ್ಣೆ, ಚಿಂದಿ ಬಟ್ಟೆ. ಬಳಿಕ ಎರಡನೆಯ ಫೈರ್‌ಮನ್, ಒಂದನೆಯ ಫೈರ್‌ಮನ್, ಶಂಟರ್. ಆಮೇಲೆ ಗೂಡ್ಸಿನ ಡ್ರೈವರ್, ಪ್ಯಾಸೆಂಜರ್ ಡ್ರೈವರ್, ಎಲ್ಲಕ್ಕೂ ಮೇಲೆ ಮೇಲ್ ಡ್ರೈವರ್. ಫೈರ್‌ಮನ್ನನಿಗೆ ಸಲಿಕೆ ಎತ್ತುವ ಬಲಕ್ಕಿಂತ, ಕಲ್ಲಿದ್ದಲನ್ನು ಎಲ್ಲಿ ಎಷ್ಟು ಚೆಲ್ಲಬೇಕೆಂಬ ಕಣ್ಣು ಮುಖ್ಯ. ಮೀಟರ್ ಗೇಜಿನ ವೈ.ಪಿ., ವೈ.ಜಿ. ಇಂಜಿನುಗಳ ಬಾಯ್ಲರಿನಲ್ಲಿ ಚದರ ಅಂಗುಲಕ್ಕೆ 210 ಪೌಂಡಿನ ಒತ್ತಡ. ಮುಳ್ಳು ಕೆಳಗೆ ಬಿದ್ದರೆ ಗಾಡಿ ಏರಿನಲ್ಲಿ ನಿಂತಿತು. ನೀರು ಕೆಳಗೆ ಬಿದ್ದರೆ ಫೈರ್‌ಬಾಕ್ಸಿನ ತಲೆಯಲ್ಲಿರುವ ಸೀಸದ ಪ್ಲಗ್ಗು ಕರಗಿ, ಉಗಿ ಬೆಂಕಿಯ ಮೇಲೆಯೇ ಇಳಿಯಿತು. ಪ್ಲಗ್ಗು ಕರಗಿಸಿದವನು ಶೆಡ್ಡಿನಲ್ಲಿ ತಲೆ ಎತ್ತಿ ತಿರುಗುವಂತಿರಲಿಲ್ಲವಂತೆ. ಕ್ಯಾಸಲ್‌ರಾಕ್‌ನ ಕೆಳಗಿನ ಘಟ್ಟದಲ್ಲಿ ಪ್ರತಿ 37 ಅಡಿಗೆ ಒಂದು ಅಡಿಯ ಏರು. ಮುಂದೆ ಎಳೆಯುವ ಇಂಜಿನು ಸಾಲದೆಂದು ಹಿಂದೆಯೂ ಇಂಜಿನು ಹಚ್ಚಿ ದೂಡಬೇಕು. ದೂಧಸಾಗರದ ಜಲಪಾತವನ್ನು ನೋಡಲು ನಾವು ಇಂದು ರಜೆ ಹಾಕಿ ಹೋಗುತ್ತೇವೆ. "ನೀ ಎಷ್ಟು ಸಲ ನೋಡಿದಿ ಅಜ್ಜಾ?" ಎಂದು ಕೇಳಿದರೆ, "ನೋಡಾಕ ಟೈಮ್ ಎಲ್ಲಿತ್ತೋ ತಮ್ಮಾ, ನಾ ಬೆಂಕಿ ನೋಡತಿದ್ದೆ" ಎಂದನು.

ಇಷ್ಟನ್ನು ಬರೆದುಕೊಂಡು, ಶೆಡ್ಡಿನ ಇತಿಹಾಸ ನನಗೆ ಸಿಕ್ಕಿತೆಂದು ಹಿಗ್ಗಿನಿಂದ ಪುಸ್ತಕ ಮುಚ್ಚಿದೆನು. ಅದು ಅರ್ಧ ಮಾತ್ರವೆಂದು ತೋರಿಸಿಕೊಟ್ಟವಳು ಆಯಿ.

ಆಯಿ ಒಂದು ದಿನವೂ ಶೆಡ್ಡಿನೊಳಗೆ ಕಾಲಿಟ್ಟವಳಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಕಂದೀಲು ಹಿಡಿದು ಬಂದು ಬಾಗಿಲು ಬಡಿಯುತ್ತಿದ್ದ ಕಾಲ್‌ಬಾಯ್‌ನ ದನಿ ಅವಳಿಗೆ ಇನ್ನೂ ನೆನಪಿದೆ. ಇಂಥ ಗಾಡಿಗೆ ಇಷ್ಟು ಗಂಟೆಗೆ ಹಾಜರಾಗಬೇಕೆಂದು ಹೇಳಿ, ಪುಸ್ತಕದಲ್ಲಿ ಸಹಿ ಪಡೆದು ಅವನು ಮುಂದಿನ ಮನೆಗೆ ಹೋಗುತ್ತಿದ್ದನು. ಅವನು ಹೋದೊಡನೆ ಒಲೆ ಹೊತ್ತಿಸಿ ರೊಟ್ಟಿ ಬಡಿಯಬೇಕು. ಗಂಡ ಯಾವಾಗ ಮರಳುವನೆಂಬುದು ಹೊರಡುವಾಗ ಗಂಡನಿಗೂ ತಿಳಿಯದು. ಮರಳಿ ತಂದ ಬಟ್ಟೆಯನ್ನು ಸೋಡಾ ಹಾಕಿ ಕುದಿಸಿದರೂ ಮಸಿ ಬಿಡದು. ಹೊರಗೆ ಒಣಗಹಾಕಿದ ಬಿಳಿಯ ಸೀರೆಯ ಮೇಲೆ ಗಾಳಿ ತಿರುಗಿದಾಗ ಕರಿಯ ಚುಕ್ಕೆ. ಬೂದಿಯ ಗುಡ್ಡೆಯಿಂದ ಅರೆಸುಟ್ಟ ಕಲ್ಲಿದ್ದಲಿನ ಚೂರುಗಳನ್ನು ಆಯ್ದು ಬುಟ್ಟಿಯಲ್ಲಿ ಮಾರುತ್ತ ಬರುತ್ತಿದ್ದ ಹೆಂಗಸರಿದ್ದರು. ಊರಿನ ಎಷ್ಟೋ ಒಲೆಗಳು ಉರಿದುದು ಇಂಜಿನು ಉಂಡು ಬಿಟ್ಟ ಆ ಎಂಜಲಿನಿಂದ. ಅಕ್ಕಪಕ್ಕದ ಮನೆಗಳಲ್ಲಿ ತೆಲುಗು, ತಮಿಳು, ಮರಾಠಿ, ಉರ್ದು. ಕೊಡ ಹಿಡಿದು ನಲ್ಲಿಯ ಮುಂದೆ ಜಗಳಾಡಲು ನಾಲ್ಕೂ ಭಾಷೆ ಕಲಿಯಬೇಕಾಯಿತೆಂದು ಆಯಿ ನಗುತ್ತಾಳೆ.

1974ರ ಮಾತು ಬಂದಾಗ ಮಾತ್ರ ಅವಳೂ ನಗಲಿಲ್ಲ. ಆ ವರ್ಷ ಮೇ 8ರಿಂದ 27ರವರೆಗೆ ದೇಶವೆಲ್ಲ ನಡೆದ ರೈಲ್ವೆ ಮುಷ್ಕರದ ನಾಯಕರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು. ಸಹಸ್ರಾರು ನೌಕರರು ಬಂಧಿತರಾದರು; ಅನೇಕರು ಕೆಲಸ ಕಳೆದುಕೊಂಡರು. ಅಜ್ಜನನ್ನು ಕೇಳಿದರೆ ಎದ್ದು ಅಂಗಳಕ್ಕೆ ಹೋದನು. ಆ ಇಪ್ಪತ್ತು ದಿನ ಉದ್ದರಿ ಕೊಟ್ಟ ಕಿರಾಣಿ ಅಂಗಡಿಯವನ ಹೆಸರನ್ನೂ, ಕಂಡರೂ ಕಾಣದಂತೆ ಹೋದ ನೆಂಟರ ಹೆಸರನ್ನೂ ಆಯಿ ಇಂದಿಗೂ ಎಣಿಸಿ ಹೇಳಬಲ್ಲಳು. ಶೆಡ್ಡಿನ ಅರ್ಧ ಇತಿಹಾಸ ಶೆಡ್ಡಿನ ಹೊರಗೆ, ಒಲೆಯ ಮುಂದೆ ಉಳಿದಿದೆ ಎಂಬುದನ್ನು ಅಂದು ಅರಿತೆನು.

ಉಗಿಯ ಕಾಲ ಮುಗಿದ ಕತೆಯನ್ನು ಚಿಕ್ಕದಾಗಿ ಹೇಳಬಹುದು. ನಮ್ಮ ದೇಶದ ಹಳಿಗಳ ಮೇಲೆ ವೈ.ಪಿ. ಇಂಜಿನುಗಳು 871, ವೈ.ಜಿ. ಇಂಜಿನುಗಳು 1074 ಇದ್ದವು. ಚಿತ್ತರಂಜನದ ಕಾರ್ಖಾನೆಯಿಂದ ಕೊನೆಯ ಉಗಿ ಇಂಜಿನು ಹೊರಬಂದುದು 1972ರಲ್ಲಿ. ಎಂದರೆ ನಮ್ಮ ಅಜ್ಜ ಕೆಲಸಕ್ಕೆ ಸೇರಿ ಎರಡೇ ವರ್ಷಕ್ಕೆ! ಮುಂದೆ ಇಪ್ಪತ್ತು ವರ್ಷ ಅವನು ಜೀವ ತೇಯ್ದು ಕಲಿತ ವಿದ್ಯೆ, ಕಲಿಯತೊಡಗಿದಾಗಲೇ ಮುಗಿಯುತ್ತಿದ್ದ ವಿದ್ಯೆ. 1992ರಲ್ಲಿ ಎಲ್ಲ ಕಡೆಗೂ ಒಂದೇ ಗೇಜ್ ಎಂಬ ಯೋಜನೆ ಬಂದಿತು. ಆ ದಶಕದಲ್ಲಿ ನಮ್ಮ ಭಾಗದ ಮೀಟರ್ ಗೇಜ್ ಹಳಿಗಳು ಹೋಗಿ ಬ್ರಾಡ್ ಗೇಜ್ ಬಂದಿತು, ಉಗಿ ಹೋಗಿ ಡೀಸಲ್ ಬಂದಿತು. ಬೆಂಕಿಯ ಬಣ್ಣ ನೋಡಿ ಇಂಜಿನಿನ ಆರೋಗ್ಯ ಹೇಳುತ್ತಿದ್ದವರು ನಡುವಯಸ್ಸಿನಲ್ಲಿ ಶಾಲೆಯ ಹುಡುಗರ ಹಾಗೆ ಬೆಂಚಿನ ಮೇಲೆ ಕುಳಿತು ಡೀಸಲ್ ಕಲಿತರು. ಇಂದು ವಿದ್ಯುತ್ತಿನ ತಂತಿಯ ಕೆಳಗೆ ಬೆಂಗಳೂರು-ಧಾರವಾಡಗಳ ನಡುವೆ ವಂದೇ ಭಾರತ್ ಓಡುತ್ತಿದೆ. ಹುಬ್ಬಳ್ಳಿಯ ನಿಲ್ದಾಣದಲ್ಲಿ 2023ರಲ್ಲಿ ಲೋಕಾರ್ಪಣೆಯಾದ 1507 ಮೀಟರಿನ ಪ್ಲಾಟ್‌ಫಾರ್ಮು ಜಗತ್ತಿನಲ್ಲಿಯೇ ಉದ್ದವಾದುದೆಂದು ನಾವು ಹೆಮ್ಮೆಪಡುತ್ತೇವೆ. ಹೆಮ್ಮೆ ಸರಿಯಾದುದೇ. ಆದರೆ ಆ ಉದ್ದವನ್ನು ಅಳೆದು ಹೇಳುವಷ್ಟು ಸುಲಭವಾಗಿ, ಅದರ ಮಗ್ಗುಲಲ್ಲಿ ದುಡಿದವರ ಬಾಳನ್ನು ನಾವು ಹೇಳಬಲ್ಲೆವೆ?

ನಮ್ಮ ನಾಡಿನಲ್ಲಿ ಸ್ಮರಣೆಯ ಕೆಲಸವೇ ಆಗಿಲ್ಲವೆಂದರೆ ಅದು ಅನ್ಯಾಯದ ಮಾತು. ಮೈಸೂರಿನ ಸಂಗ್ರಹಾಲಯ 1979ರಷ್ಟು ಹಿಂದೆಯೇ ಆಯಿತು. ದೆಹಲಿಯದು ಅದಕ್ಕಿಂತ ಎರಡೇ ವರ್ಷ ಹಿರಿಯದು. 2020ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿಯೂ ಗದಗ ರಸ್ತೆಯ ಕಡೆಗೆ ಒಂದು ರೈಲು ಸಂಗ್ರಹಾಲಯ ತೆರೆಯಿತು. ಅದೇ ವರ್ಷ ಶಿವಮೊಗ್ಗ ಜಿಲ್ಲೆಯ ಅರಸಾಳಿನಲ್ಲಿ ಹಳೆಯ ನಿಲ್ದಾಣವನ್ನು ಮಾಲ್ಗುಡಿಯ ಸಂಗ್ರಹಾಲಯವಾಗಿ ಮಾಡಿದರು. ಮಾಲ್ಗುಡಿ ಆರ್. ಕೆ. ನಾರಾಯಣರ ಕಲ್ಪನೆಯ ಊರು; ಶಂಕರ ನಾಗರು ಅದನ್ನು ದೂರದರ್ಶನಕ್ಕೆ ತಂದಾಗ ಅರಸಾಳು ಅದರ ನಿಲ್ದಾಣವಾಯಿತು. ಎಂದೂ ಇರದ ಊರಿನ ನಿಲ್ದಾಣಕ್ಕೂ ಸ್ಮಾರಕವಾಗಬಹುದಾದರೆ, ಅದಕ್ಕೆ ಕಾರಣ ಆ ಊರಿನ ಕತೆಯನ್ನು ಒಬ್ಬರು ಬರೆದಿಟ್ಟದ್ದು. ಇದ್ದ ಶೆಡ್ಡಿನ ಕತೆಯನ್ನು ಬರೆಯುವವರು ಯಾರು? ಹರಿಯಾಣದ ರೇವಾಡಿಯಲ್ಲಿ 1893ರ ಮೀಟರ್ ಗೇಜ್ ಶೆಡ್ಡನ್ನೇ ದುರಸ್ತಿ ಮಾಡಿ, 2010ರಲ್ಲಿ ಜನರಿಗೆ ತೆರೆದಿದ್ದಾರೆ. ಅಲ್ಲಿ ಬೆಂಕಿ ಹೊತ್ತಿಸಿ ನಡೆಸಬಲ್ಲ ಇಂಜಿನುಗಳಿವೆ. ಇಂಜಿನು ನಡೆಯಬೇಕಾದರೆ ನಡೆಸಬಲ್ಲ ಕೈಗಳೂ ಇರಲೇಬೇಕು. ಆ ಕೈಗಳು ಕಲಿಯಬೇಕಾದರೆ ಹಳೆಯ ಕೈಗಳು ಕಲಿಸಿರಬೇಕು. ನನಗೆ ಹಿಡಿಸಿದ ಮಾದರಿ ಅದು. ಎಲ್ಲ ಊರಲ್ಲಿಯೂ ಇಂಜಿನು ನಡೆಸಲಾಗದು, ನಿಜ. ನೆನಪನ್ನಾದರೂ ಒಬ್ಬರಿಂದ ಒಬ್ಬರಿಗೆ ದಾಟಿಸಬಹುದಲ್ಲ.

ಈ ವಿಚಾರವನ್ನು ಮಿತ್ರರ ಮುಂದಿಟ್ಟಾಗ ಎರಡು ಆಕ್ಷೇಪಗಳು ಬಂದವು. ಮೊದಲನೆಯದು, "ಹೊಗೆ, ಬೂದಿ, ಮಸಿ, ಹೋದದ್ದೇ ಒಳ್ಳೆಯದಾಯಿತಲ್ಲ, ಅದನ್ನೇನು ನೆನೆಯುವುದು?" ಈ ಮಾತಿನಲ್ಲಿ ಸತ್ಯವಿದೆ. ಅಜ್ಜ ತನ್ನ ಮಗನನ್ನು ಆ ಕೆಲಸಕ್ಕೆ ಕಳಿಸಲಿಲ್ಲ. ಕಂಪನಿಯ ಕಾಲದಲ್ಲಿ ಮೇಲಿನ ಮೆಟ್ಟಿಲುಗಳು ಯುರೋಪಿಯನ್ನರಿಗೂ ಆಂಗ್ಲೋ-ಇಂಡಿಯನ್ನರಿಗೂ ಮೀಸಲು, ಬೂದಿಯ ಗುಂಡಿ ನಮ್ಮವರಿಗೆ. ನಮ್ಮವರಲ್ಲಿಯೂ ಆ ಗುಂಡಿಗೆ ಇಳಿದವರು ಯಾವ ಕೇರಿಯವರೆಂದು ಕೇಳಿದರೆ ನಾವು ತಲೆ ತಗ್ಗಿಸಬೇಕಾದೀತು. ಆದರೆ ಸ್ಮರಣೆಯೆಂದರೆ ಸ್ತುತಿ ಎಂದು ಯಾರು ಹೇಳಿದರು? ಚೆಂದದ ಸೀಟಿಯನ್ನೂ ಬಿಳಿಯ ಹೊಗೆಯನ್ನೂ ಮಾತ್ರ ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವುದು ನನಗೂ ಸೇರದು. ಸೀಟಿಯನ್ನು ಕೇಳಿದವರು ಪ್ರಯಾಣಿಕರು. ಬೆಂಕಿಯನ್ನು ಉಂಡವರು ಬೇರೆ. ಕಷ್ಟವನ್ನು ಬಿಟ್ಟು ಸೊಗಸನ್ನಷ್ಟೇ ನೆನೆದರೆ, ಕಷ್ಟಪಟ್ಟವರನ್ನು ಎರಡನೆಯ ಸಲ ಹೊರಗಿಟ್ಟಂತೆ.

ಎರಡನೆಯ ಆಕ್ಷೇಪ, "ಅದು ರೈಲ್ವೆಯವರ ಕೆಲಸ, ನಮ್ಮದೇನು?" ಎಂಬುದು. ವಸ್ತುಗಳನ್ನು ಕಾಯುವುದು ಅವರ ಕೆಲಸವೇ ಸರಿ. ಆದರೆ ಆಯಿಯ ಉದ್ದರಿಯ ಲೆಕ್ಕ ಯಾವ ಕಚೇರಿಯ ದಫ್ತರದಲ್ಲಿ ಸಿಕ್ಕೀತು? ಕಾಲ್‌ಬಾಯ್ ಬಾಗಿಲು ಬಡಿದ ಸದ್ದು ಯಾವ ಕಪಾಟಿನಲ್ಲಿ ಇದ್ದೀತು? ಅದು ನಮ್ಮ ನಮ್ಮ ಮನೆಗಳಲ್ಲಿದೆ. ಈ ಕಾಲೇಜಿನ ಹಾಜರಿ ಕೂಗುವಾಗ ಗಮನಿಸಿರಿ. ರೈಲ್ವೆಯ ಮನೆತನದಿಂದ ಬಂದವರು ಪ್ರತಿಯೊಂದು ವರ್ಗದಲ್ಲಿಯೂ ಇದ್ದಾರೆ.

ಆದುದರಿಂದ ನನ್ನ ಬಿನ್ನಹ ಇಷ್ಟೇ. ಬರುವ ಬೇಸಗೆಯ ರಜೆಯಲ್ಲಿ ನಮ್ಮಲ್ಲಿ ಮನಸ್ಸಿದ್ದವರು ತಲೆಗೊಬ್ಬರಂತೆ ಹಿರಿಯರನ್ನು ಗೊತ್ತು ಮಾಡಿಕೊಂಡು, ಅವರ ಮಾತನ್ನು ಮೊಬೈಲಿನಲ್ಲಿ ಹಿಡಿದು, ಅವರ ಭಾಷೆಯಲ್ಲಿಯೇ ಬರೆದು ತರೋಣ. ಡ್ರೈವರನನ್ನು ಮಾತ್ರ ಕೇಳಿದರೆ ಸಾಲದು. ಬೂದಿ ಎತ್ತಿದವರನ್ನೂ, ಕಲ್ಲಿದ್ದಲು ಆಯ್ದವರನ್ನೂ, ಮನೆಯ ಹೆಂಗಸರನ್ನೂ ಕೇಳೋಣ. ಇತಿಹಾಸ ವಿಭಾಗದ ಗುರುಗಳು ಕೇಳುವ ಕ್ರಮವನ್ನು ಕಲಿಸಿಕೊಡಲಿ. ಲೈಟಪ್, ವಾಷ್‌ಔಟ್ ಮುಂತಾಗಿ ಕನ್ನಡದ ವಿಭಕ್ತಿ ಹಚ್ಚಿಕೊಂಡು ಮೂರು ತಲೆಮಾರು ಬಾಳಿದ ಶೆಡ್ಡಿನ ಮಾತುಗಳನ್ನು ಕನ್ನಡ ವಿಭಾಗದವರು ಕೂಡಿಹಾಕಲಿ. ನಿಘಂಟಿನಲ್ಲಿ ಅವುಗಳಿಗೆ ಇನ್ನು ಎಡೆ ಸಿಗಲಾರದು, ನಮ್ಮ ಗ್ರಂಥಾಲಯದಲ್ಲಿಯಾದರೂ ಸಿಗಲಿ. ಈ ವಾರ್ಷಿಕ ಸಂಚಿಕೆಯಲ್ಲಿ ಪ್ರತಿ ವರ್ಷ ಹತ್ತು ಪುಟಗಳನ್ನು ಅದಕ್ಕೆಂದು ತೆಗೆದಿಡಲಿ. ಕವಿತೆಗಳು ಸ್ವಲ್ಪ ಕಡಿಮೆಯಾದರೆ ವಾಚಕರು ಕ್ಷಮಿಸಿಯಾರು!

ಮುಂದೊಂದು ದಿನ ಶೆಡ್ಡಿನ ನೆನಪಿಗೆ ಕಲ್ಲನ್ನೇ ನೆಡುವುದಾದರೆ, ಅದರ ಮೇಲೆ ಉದ್ಘಾಟಕರ ಹೆಸರು ಕೆಳಗೆ ಚಿಕ್ಕದಾಗಿ ಇರಲಿ. ಮೇಲೆ ದೊಡ್ಡ ಅಕ್ಷರಗಳಲ್ಲಿ ಕೆಲಸಗಳ ಹೆಸರುಗಳಿರಲಿ: ಕ್ಲೀನರ್, ಫೈರ್‌ಮನ್, ಶಂಟರ್, ಡ್ರೈವರ್, ಫಿಟ್ಟರ್, ಬಾಯ್ಲರಿನವರು, ಕಾಲ್‌ಬಾಯ್, ಬೂದಿಯ ಗುಂಡಿಯವರು. ಓದಿದ ಮಗು "ಕಾಲ್‌ಬಾಯ್ ಎಂದರೆ ಏನು?" ಎಂದು ಕೇಳಿದರೆ, ಆ ಕಲ್ಲು ತನ್ನ ಕೆಲಸ ಮಾಡಿದಂತೆ. ಉತ್ತರ ಹೇಳಲು ನಮ್ಮಲ್ಲಿ ಯಾರಿಗಾದರೂ ಗೊತ್ತಿರಬೇಕು, ಅಷ್ಟೇ.

ಇದಕ್ಕೆ ಅವಸರವೇನೆಂದು ಕೇಳುವವರಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ತನ್ನ ಜೊತೆಯಲ್ಲಿ ಕ್ಲೀನರಾಗಿ ಸೇರಿದವರು ಹನ್ನೊಂದು ಜನವೆಂದು ಅಜ್ಜ ಹೇಳುತ್ತಿದ್ದನು. ಈಗ ಇರುವವರೆಷ್ಟು ಎಂದು ಕೇಳಿದಾಗ ಬೆರಳು ಮಡಿಸತೊಡಗಿದನು. ನಾಲ್ಕನೆಯ ಬೆರಳಿಗೆ ನಿಂತನು. ಆ ನಾಲ್ವರಲ್ಲಿ ತಾನೂ ಒಬ್ಬ. ಅವನ ಕಿವಿ ಈಗ ಮಂದವಾಗಿದೆ. ನಾನು ಒಂದು ಪ್ರಶ್ನೆಯನ್ನು ಮೂರು ಸಲ ಕೂಗಿ ಕೇಳಬೇಕು. ಹೋದ ತಿಂಗಳು ಘಟ್ಟದ ಒಂದು ನಿಲ್ದಾಣದ ಹೆಸರು ಅವನಿಗೆ ಎಷ್ಟು ಹೊತ್ತಾದರೂ ನೆನಪಾಗಲಿಲ್ಲ. ಆ ಸಂಜೆ ಅವನು ಊಟ ಮಾಡಲಿಲ್ಲ.

ಮಿತ್ರರಲ್ಲಿ ಯಾರಾದರೂ ಈ ವರ್ಷ ಮೈಸೂರಿಗೆ ಹೋದರೆ, ಫೋಟೋ ತೆಗೆಸಿಕೊಳ್ಳುವ ಮೊದಲು ಆ ಇಂಜಿನಿನ ಫೈರ್‌ಬಾಕ್ಸಿನ ಬಾಗಿಲು ಮುಚ್ಚಿದೆಯೋ ತೆರೆದಿದೆಯೋ ನೋಡಿ ಬಂದು ನನಗೆ ತಿಳಿಸಬೇಕೆಂದು ಕೋರುತ್ತೇನೆ. ಅಜ್ಜ ಎರಡು ಸಲ ಕೇಳಿದ್ದಾನೆ.

ದ್ವಿತೀಯ ಬಿ.ಎ. ವಿದ್ಯಾರ್ಥಿ